ತೆರೆಯಬಾರದ ಪೆಟ್ಟಿಗೆ

ಇಪ್ಪತ್ತೆರಡು ವರ್ಷಗಳ ಕೆಲಸದಲ್ಲಿ, ಒಳಗೆ ಏನಿದೆಯೆಂದು ತಿಳಿಯದೆ ನಾನು ಸಹಿ ಹಾಕಿದ್ದು ಒಂದೇ ಸಲ. ಆ ಒಂದು ಸಲ ನಾನು ಯಾರನ್ನೂ ಏನನ್ನೂ ಕೇಳಲಿಲ್ಲ.

ಸ್ಯಾನ್ ಪೀಡ್ರೊ ಬಂದರಿನಲ್ಲಿ ನಾನು ಕಸ್ಟಮ್ಸ್ ಬ್ರೋಕರ್ ಆಗಿದ್ದೆ. ಹಡಗಿನಲ್ಲಿ ಬಂದ ಪೆಟ್ಟಿಗೆಯೊಳಗೆ ಇಂಥ ಸಾಮಾನಿದೆ, ಇಷ್ಟಿದೆ, ಇಂಥ ದೇಶದಿಂದ ಬಂದಿದೆ ಎಂದು ಸರಕಾರಕ್ಕೆ ಬರೆದುಕೊಟ್ಟು ಬಿಡಿಸಿಕೊಡುವ ಕೆಲಸ. ಬರೆದದ್ದು ಸುಳ್ಳಾದರೆ ಲೈಸೆನ್ಸ್ ಹೋಗುತ್ತದೆ. ಮೂಲ್ಕಿಯಿಂದ ಹದಿನೇಳನೆಯ ವಯಸ್ಸಿಗೆ ಬೊಂಬಾಯಿಗೆ ಹೋದವನು ನಾನು. ಮೊದಲು ಕ್ಯಾಂಟೀನಿನಲ್ಲಿ ಲೋಟ ತೊಳೆದೆ, ಆಮೇಲೆ ಡಾಕಿನಲ್ಲಿ ಇಳಿಯುವ ಮೂಟೆಗಳನ್ನು ಎಣಿಸಿ ಬರೆದುಕೊಂಡೆ. ಕಾಗದ ಒಂದು ಹೇಳುತ್ತದೆ, ಪೆಟ್ಟಿಗೆ ಇನ್ನೊಂದು ಹೇಳುತ್ತದೆ ಎಂಬುದನ್ನು ಅಲ್ಲಿಯೇ ಕಲಿತೆ. ಆದ್ದರಿಂದ ಈ ದೇಶಕ್ಕೆ ಬಂದು ಸ್ವಂತ ಆಫೀಸು ತೆರೆದ ಮೇಲೆ ಒಂದು ನಿಯಮ ಇಟ್ಟುಕೊಂಡಿದ್ದೆ. ಪ್ಯಾಕ್ ಮಾಡುವಾಗ ಬಾಯಿ ತೆರೆದ ಪೆಟ್ಟಿಗೆಯ ಫೋಟೋ ತೆಗೆದು ಕಳಿಸಬೇಕು. ಫೋಟೋ ಬಾರದೆ ನನ್ನ ಪೆನ್ನು ಏಳುತ್ತಿರಲಿಲ್ಲ. ಗ್ರಾನೈಟ್ ತರಿಸುವ ಒಬ್ಬರು, "ಮೋನಪ್ಪನವರಿಗೆ ಕಲ್ಲಿನದ್ದೂ ಜಾತಕ ಬೇಕು" ಎಂದು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ.

ಶಿವರಾಮಣ್ಣ ಫೋನ್ ಮಾಡಿದ್ದು ಸಾವಿರದ ಒಂಬೈನೂರ ತೊಂಬತ್ತಾರರ ಜನವರಿಯಲ್ಲಿ. ಬೊಂಬಾಯಿಯಲ್ಲಿ ಒಂದೇ ಖೋಲಿಯಲ್ಲಿ ಎಂಟು ಜನ ಮಲಗುತ್ತಿದ್ದ ಕಾಲದಲ್ಲಿ ನನ್ನನ್ನು ಎಳೆದುಕೊಂಡು ಹೋಗಿ ರಾತ್ರಿ ಶಾಲೆಗೆ ಸೇರಿಸಿದವರು ಅವರು. ನನಗೆ ಟೈಫಾಯ್ಡ್ ಬಂದಾಗ ತಮ್ಮ ಕೆಲಸ ಬಿಟ್ಟು ಹದಿನಾಲ್ಕು ದಿನ ಗಂಜಿ ಕುಡಿಸಿದವರು. ಆಮೇಲೆ ಅವರು ಕುವೈತಿಗೆ ಹೋಗಿ ಕಾರ್ಪೆಟ್ಟು, ಹೂಜಿ ಮಾರುವ ಅಂಗಡಿ ಇಟ್ಟರು. ಯುದ್ಧದಲ್ಲಿ ಅಂಗಡಿ ಹೋಯಿತು. ಅಮ್ಮಾನ್‌ನಲ್ಲಿ ಎರಡು ವರ್ಷ ಏನೇನೋ ಮಾಡಿಕೊಂಡಿದ್ದು, ಕೊನೆಗೆ ಸ್ಯಾನ್ ಡಿಯೇಗೊದ ಕಾರ್ಮೆಲ್ ವ್ಯಾಲಿಯಲ್ಲಿದ್ದ ಮಗಳು ನಿಶಾಳ ಮನೆಗೆ ಬಂದರು. ಬಂದ ಮೇಲೆ ಸುಮ್ಮನೆ ಕೂರಲಿಲ್ಲ. ನಮ್ಮ ಕರಾವಳಿಯ ಮನೆಗಳನ್ನೂ ಬೆಂಗಳೂರಿನ ಇಂಜಿನಿಯರುಗಳನ್ನೂ ಸೇರಿಸಿ, ಊರ ಹೊರಗೆ ಒಂದು ತುಂಡು ಜಾಗ ಮಾಡಿ, ಅಲ್ಲಿ ನಾಗನ ಕಲ್ಲು ಪ್ರತಿಷ್ಠೆ ಮಾಡುವುದೆಂದು ಕಮಿಟಿ ಕಟ್ಟಿದರು. ತಾವೇ ಅಧ್ಯಕ್ಷರು.

"ಮೂರು ಪೆಟ್ಟಿಗೆ ಬರ್ತದೆ ಮೋನಪ್ಪ," ಎಂದರು. "ಕಾರ್ಕಳದಲ್ಲಿ ಕೆತ್ತಿಸಿದ್ದು. ನಾಗ, ನಾಗಕನ್ನಿಕೆ, ಮತ್ತೆ ಒಂದು ಕ್ಷೇತ್ರಪಾಲ. ನೀನೇ ಬಿಡಿಸಿ ಕೊಡಬೇಕು."

"ಅದಕ್ಕೆ ಕೇಳುವುದು ಎಂತದು ಅಣ್ಣ. ಒಂದು ಫೋಟೋ ಕಳಿಸ್ಲಿಕ್ಕೆ ಹೇಳಿ."

"ಫೋಟೋ ಆಗ್ಲಿಕ್ಕಿಲ್ಲ ಮಾರಾಯ. ಪೂಜೆ ಮಾಡಿ, ಕೆಂಪು ಬಟ್ಟೆ ಸುತ್ತಿ, ದಾರ ಕಟ್ಟಿ ಆಗಿದೆ. ಇನ್ನು ಪ್ರತಿಷ್ಠೆಯ ದಿನವೇ ಬಿಚ್ಚುವುದು. ಅಷ್ಟರವರೆಗೆ ಯಾರೂ ನೋಡಬಾರದು. ನಾಗನ ವಿಷಯ, ನಿನಗೆ ಗೊತ್ತುಂಟಲ್ಲ."

ನನಗೆ ಗೊತ್ತಿರಲಿಲ್ಲ. ಹದಿನೇಳಕ್ಕೆ ಊರು ಬಿಟ್ಟವನಿಗೆ ದೇವರ ಕೆಲಸದ ಕ್ರಮ ಏನು ಗೊತ್ತಿರುತ್ತದೆ. ಆದರೆ ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಫ್ರಿಜ್ಜಿನ ವಿಷಯದಲ್ಲಿ ಹತ್ತು ಪ್ರಶ್ನೆ ಕೇಳುವ ನಾನು ನಾಗನ ವಿಷಯದಲ್ಲಿ ಒಂದೂ ಕೇಳದೆ "ಆಯ್ತು ಅಣ್ಣ" ಎಂದೆ.

ಕಾಗದ ಬಂದಾಗಲೂ ಎರಡು ವಿಷಯ ಕಣ್ಣಿಗೆ ಬಿದ್ದಿದ್ದವು. ಕಾರ್ಕಳದ ಕಲ್ಲು ದುಬೈ ಸುತ್ತಿಕೊಂಡು ಯಾಕೆ ಬರಬೇಕು? ಅಲ್ಲಿರುವ ಭಾವ ಹಡಗಿನ ಖರ್ಚನ್ನು ಭಕ್ತಿಯ ಲೆಕ್ಕದಲ್ಲಿ ತಾನೇ ಕೊಡುತ್ತಾನೆಂದು ಶಿವರಾಮಣ್ಣ ಹೇಳಿದ್ದರು. ಅದನ್ನು ನುಂಗಿಕೊಂಡೆ. ಎರಡನೆಯದಾಗಿ, ಮೂರು ಪೆಟ್ಟಿಗೆಗೂ ಒಂದೇ ತೂಕ ಬರೆದಿತ್ತು. ಕೈಯಲ್ಲಿ ಕೆತ್ತಿದ ಮೂರು ಕಲ್ಲು ಒಂದೇ ತೂಕ ಬರುವುದು ಸಾಧ್ಯವಿಲ್ಲ. ಅದನ್ನೂ ನುಂಗಿಕೊಂಡೆ. ಬೆಳಗಿನ ಕಾಫಿಯ ಹೊತ್ತಿಗೆ ಹೆಂಡತಿ ವನಜಾಕ್ಷಿ ಭುಜದ ಮೇಲಿಂದ ಕಾಗದದಲ್ಲಿದ್ದ 'ಪೂಜೆಯ ವಿಗ್ರಹ, ತೆರೆಯಬಾರದು' ಎಂಬ ಸಾಲು ನೋಡಿ, "ಯಾರೂ ನೋಡಬಾರದು ಅಂತ ಯಾಕೆ?" ಎಂದಳು.

"ದೇವರ ವಿಷಯ. ನಿನಗೆ ಬೇಡ," ಎಂದೆ. ಅವಳು ಕಪ್ಪು ತೆಗೆದುಕೊಂಡು ಒಳಗೆ ಹೋದಳು. 'ಪೂಜೆಗಾಗಿ ಕಲ್ಲಿನ ವಿಗ್ರಹ, ಮೂರು: ನಾಗ, ನಾಗಕನ್ನಿಕೆ, ಕ್ಷೇತ್ರಪಾಲ' ಎಂದು ಟೈಪ್ ಮಾಡಿ ನಾನು ಸಹಿ ಹಾಕಿದೆ.

ಫೆಬ್ರವರಿ ಎರಡನೆಯ ವಾರ ಕಸ್ಟಮ್ಸ್‌ನ ಓರ್ಟೀಸ್ ನನ್ನನ್ನು ಪರೀಕ್ಷೆಯ ಗೋದಾಮಿಗೆ ಕರೆಸಿದ. ಹದಿನೈದು ವರ್ಷದಿಂದ ಪರಿಚಯದ ಮನುಷ್ಯ. ಯಾವಾಗಲೂ ಕಾಫಿ ಕೊಡುವವನು ಅಂದು ಕೊಡಲಿಲ್ಲ. ಮೂರು ಪೆಟ್ಟಿಗೆ ಸಾಲಾಗಿ ಇದ್ದವು. ಮೂರನೆಯದು ತೂಕದಲ್ಲಿ ಉಳಿದವುಗಳ ಕಾಲುಭಾಗವೂ ಇರಲಿಲ್ಲ. ಅದರ ಮುಚ್ಚಳ ಆಗಲೇ ತೆಗೆದಿತ್ತು. ಒಳಗೆ ಕೆಂಪು ಬಟ್ಟೆ, ದಾರ ಎರಡೂ ಇದ್ದವು. ಬಟ್ಟೆಯೊಳಗೆ ಮಕ್ಕಳ ಡಯಾಪರುಗಳು. ಒಂದೊಂದು ಡಯಾಪರಿನಲ್ಲಿ ಒಂದೊಂದು ಮಣ್ಣಿನ ಬಿಲ್ಲೆ. ಕೆಲವು ಸೋಪಿನಷ್ಟು, ಕೆಲವು ಬಿಸ್ಕತ್ತಿನಷ್ಟು. ಮೇಲೆಲ್ಲ ಕೋಳಿ ಕೆದರಿದ ಹಾಗೆ ಸಣ್ಣ ಸಣ್ಣ ಗೀರು.

"ಕ್ಷೇತ್ರಪಾಲ ಯಾರು ಇದರಲ್ಲಿ?" ಎಂದ ಓರ್ಟೀಸ್. ಅವನು ಕಾಗದದಲ್ಲಿದ್ದ ಹೆಸರನ್ನು ಕಷ್ಟಪಟ್ಟು ಓದಿದ. ತಮಾಷೆ ಮಾಡುತ್ತಿರಲಿಲ್ಲ.

ಸಾಮಾನು ನನ್ನದಲ್ಲ ಎನ್ನಬಹುದಿತ್ತು. ಆದರೆ ಕೆಳಗಿದ್ದ ಸಹಿ ನನ್ನದು.

ಎರಡು ದಿನ ಬಿಟ್ಟು ಅವರು ಒಬ್ಬ ಪ್ರೊಫೆಸರನ್ನು ಕರೆಸಿದರು. ರೂತ್ ಎಂದು ಹೆಸರು, ಎಪ್ಪತ್ತರ ಹತ್ತಿರದ ಹೆಂಗಸು, ಕಾಲಿಗೆ ಟೆನಿಸ್ ಶೂ. ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ನಾವು ಪೇಪರ್ ಓದುವ ಹಾಗೆ ಓದುತ್ತ ಹೋದರು. ಇವು ಇರಾಕಿನವು, ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ನಡುವಿನ ಮಣ್ಣು, ನಾಲ್ಕು ಸಾವಿರ ವರ್ಷ ಹಳೆಯವು, ಯುದ್ಧದ ಮೇಲೆ ಯಾರೋ ಅಗೆದು ಕದ್ದವು ಎಂದರು. ಆ ದೇಶದಿಂದ ಏನನ್ನೂ ತರಬಾರದೆಂಬ ಕಟ್ಟಳೆ ಆಗ ಇತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಆಫೀಸಿನ ಗೋಡೆಗೆ ಅಂಟಿಸಿದ ಪಟ್ಟಿಯಲ್ಲೇ ಇತ್ತು.

"ಏನು ಬರೆದಿದೆ ಅದರಲ್ಲಿ? ಮಂತ್ರವೇ?" ಎಂದು ಕೇಳಿದೆ.

"ಮಂತ್ರ ಅಲ್ಲ. ರಸೀದಿ," ಎಂದರು ಪ್ರೊಫೆಸರ್. "ಹನ್ನೆರಡು ಕುರಿ. ಒಂದಕ್ಕೆ ಕಾಲು ಕುಂಟು. ಕೊಟ್ಟವನು ಇಂಥವನು, ತೆಗೆದುಕೊಂಡವನು ಇಂಥವನು. ಇಲ್ಲಿ ನೋಡಿ, ಸಾಕ್ಷಿಗಳು, ಮೂರು ಜನ. ಇವರ ಎದುರಿಗೆ ಕುರಿಗಳನ್ನು ನಿಲ್ಲಿಸಿ ತೋರಿಸಿದ್ದಾರೆ. ಆಮೇಲೆ ಹಸಿ ಮಣ್ಣಿನ ಮೇಲೆ ಮುದ್ರೆ ಉರುಳಿಸಿದ್ದಾರೆ."

ಅವರು ಬಿಲ್ಲೆಯನ್ನು ನನ್ನ ಅಂಗೈಯಲ್ಲಿ ಇಟ್ಟರು. ನನಗೆ ಆದ ಸಂಕಟವನ್ನು ಹೇಗೆ ಹೇಳಲಿ. ನಾಲ್ಕು ಸಾವಿರ ವರ್ಷದ ಹಿಂದೆ ಹೊಳೆಬದಿಯ ಊರೊಂದರಲ್ಲಿ ನನ್ನದೇ ಕೆಲಸ ಮಾಡುತ್ತಿದ್ದ ಒಬ್ಬನು ಕುಂಟು ಕುರಿಯನ್ನು ಕುಂಟು ಎಂದು ನೋಡಿ ಬರೆದಿದ್ದ. ನಾನು ಕ್ಷೇತ್ರಪಾಲ ಎಂದು ಟೈಪ್ ಮಾಡಿದ್ದೆ.

"ನೋಡದೆ ತೆಗೆದುಕೊಂಡರೆ ಏನಾಗುತ್ತಿತ್ತು, ಅವರಲ್ಲಿ?" ಎಂದೆ.

ಅವರು ನನ್ನ ಮುಖ ನೋಡಿದರು. ನಾನು ಯಾರೆಂದು ಓರ್ಟೀಸ್ ಹೇಳಿದ್ದನೆಂದು ಕಾಣುತ್ತದೆ. "ಬಾಬಿಲೋನಿನ ಹಮ್ಮುರಾಬಿ ದೊರೆಯ ಕಾನೂನಿನಲ್ಲಿ ಅದು ಬರುತ್ತದೆ," ಎಂದರು. "ಇನ್ನೊಬ್ಬನ ಕೈಯಲ್ಲಿ ಬೆಳ್ಳಿಯೋ ಬಂಗಾರವೋ ಇಡಲು ಕೊಡುವವನು ಕೊಡುವುದನ್ನೆಲ್ಲ ಸಾಕ್ಷಿಗಳಿಗೆ ತೋರಿಸಬೇಕು, ಕರಾರು ಬರೆಸಬೇಕು, ಆಮೇಲೆ ಕೊಡಬೇಕು. ತೋರಿಸದೆ ಕೊಟ್ಟು, ಆಮೇಲೆ ಪಡೆದವನು ಇಲ್ಲವೆಂದರೆ ಕೊಟ್ಟವನಿಗೆ ಹಕ್ಕಿಲ್ಲ. ಇನ್ನು ಒಂದು ಮನೆಯ ಮಗನಿಂದಲೋ ಆಳಿನಿಂದಲೋ ಸಾಕ್ಷಿಯಿಲ್ಲದೆ ಸಾಮಾನು ಪಡೆದು ಇಟ್ಟುಕೊಂಡವನನ್ನು ಕಳ್ಳ ಎಂದೇ ಕರೆಯುತ್ತಿದ್ದರು. ಶಿಕ್ಷೆ ಏನೆಂದು ಕೇಳಬೇಡಿ."

"ಸಾಕ್ಷಿಯೇ ಇಲ್ಲದ ಜಗಳ ಬಂದರೆ?"

"ಆಗ ದೇವಸ್ಥಾನದಿಂದ ದೇವರ ಆಯುಧವನ್ನು ಹೊರಗೆ ತರುತ್ತಿದ್ದರು. ಅದರ ಎದುರು ಪ್ರಮಾಣ ಮಾಡಬೇಕು."

ನಮ್ಮ ಕಡೆ ದೈವದ ಕತ್ತಿಯ ಎದುರು ಪ್ರಮಾಣ ಮಾಡಿಸುತ್ತಾರೆಂದು ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ. ಪುಸ್ತಕ ತೆಗೆದು ಬರೆದುಕೊಂಡರು. "ಸುಳ್ಳು ಪ್ರಮಾಣ ಮಾಡುವವರು ಇದ್ದರೆ?" ಎಂದೆ.

"ಪ್ರಮಾಣಕ್ಕೆ ಹೆದರಿ ಹಿಂದೆ ಸರಿದವರ ದಾಖಲೆ ಸಿಗುತ್ತದೆ," ಎಂದರು. "ಸುಳ್ಳು ಪ್ರಮಾಣ ಮಾಡಿದವನು ಅದನ್ನು ಬರೆಸಿಡುವುದಿಲ್ಲವಲ್ಲ."

ಲೈಸೆನ್ಸ್ ಯಾಕೆ ಕಿತ್ತುಕೊಳ್ಳಬಾರದು ಎಂಬುದಕ್ಕೆ ನಾನು ಉತ್ತರ ಕೊಡಬೇಕೆಂದು ನೋಟಿಸು ಬಂತು. ಓರ್ಟೀಸ್ ಒಬ್ಬನೇ ಇದ್ದಾಗ ಮೆತ್ತಗೆ ಹೇಳಿದ: "ಕಳಿಸಿದವನು ಬಂದು, ನಾನು ಮೋನಪ್ಪನಿಗೆ ಸುಳ್ಳು ಹೇಳಿದೆ ಅಂತ ಬರೆದುಕೊಟ್ಟರೆ ನೀನು ಉಳಿಯುತ್ತೀಯ. ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಇಲ್ಲದಿದ್ದರೆ ಇಬ್ಬರೂ ಸೇರಿ ಮಾಡಿದ್ದೆಂದೇ ಆಗುತ್ತದೆ."

ಪೊಮೊನಾದಲ್ಲಿ ಓದುತ್ತಿದ್ದ ಮಗಳು ಅಶ್ವಿತಾ ಆ ಶನಿವಾರ ಮನೆಗೆ ಬಂದಿದ್ದಳು. ನಾನು ಎಲ್ಲ ಹೇಳಿದೆ. ಕನ್ನಡದಲ್ಲಿ ಹೇಳಿದ್ದಕ್ಕೆ ಅವಳ ಉತ್ತರ ಇಂಗ್ಲಿಷಿನಲ್ಲೇ ಬರುವುದು. "ಡ್ಯಾಡ್, ಯು ಡಿಡಂಟ್ ಈವನ್ ಲುಕ್?" ಎಂದಳು. ಚಿಕ್ಕಂದಿನಿಂದ ಅವಳ ಶಾಲೆಯ ಕಾಗದಕ್ಕೂ ಎರಡು ಸಲ ಓದದೆ ಸಹಿ ಹಾಕದ ಅಪ್ಪ ನಾನು. ಬೇರೆ ಏನೂ ಹೇಳದೆ ಅವಳೇ ಒಂದು ಹೇಳಿಕೆ ಟೈಪ್ ಮಾಡಿಕೊಟ್ಟಳು. ಆರು ಸಾಲು. ಮೂರನೆಯ ಪೆಟ್ಟಿಗೆಯಲ್ಲಿ ಏನಿತ್ತೆಂದು ಮೋನಪ್ಪನಿಗೆ ಗೊತ್ತಿರಲಿಲ್ಲ, ತೆರೆಯಬಾರದೆಂದು ಹೇಳಿದವನು ನಾನು ಎಂದು. ಕೆಳಗೆ ಶಿವರಾಮಣ್ಣನ ಸಹಿಗೆ ಜಾಗ. ಅದನ್ನು ಜೇಬಿನಲ್ಲಿಟ್ಟುಕೊಂಡು ಭಾನುವಾರ ಬೆಳಿಗ್ಗೆ ಸ್ಯಾನ್ ಡಿಯೇಗೊಕ್ಕೆ ಡ್ರೈವ್ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ಬಲಗಡೆ ಸಮುದ್ರ ಇತ್ತು. ಒಮ್ಮೆಯೂ ಅದರ ಕಡೆ ನೋಡಿದ ನೆನಪಿಲ್ಲ.

ಮಗಳು, ಅಳಿಯ ಮೊಮ್ಮಕ್ಕಳನ್ನು ಕರೆದುಕೊಂಡು ಸಾಕರ್ ಆಟಕ್ಕೆ ಹೋಗಿದ್ದರು. ಶಿವರಾಮಣ್ಣ ಒಬ್ಬರೇ ಇದ್ದರು. ನನಗೆ ತಾವೇ ಚಹಾ ಮಾಡಿದರು.

"ನಾನು ಸುಳ್ಳು ಹೇಳುವುದಿಲ್ಲ ಮೋನಪ್ಪ," ಎಂದು ಶುರುಮಾಡಿದರು. "ಅಮ್ಮಾನ್‌ನಲ್ಲಿದ್ದಾಗ ಆ ಜನ ಬಂದು ಕಾಲು ಹಿಡಿಯುತ್ತಿದ್ದರು. ಇರಾಕಿನವರು. ಓದಿದವರು, ಮೇಷ್ಟ್ರುಗಳು. ಮಕ್ಕಳಿಗೆ ಹಾಲಿಲ್ಲ ಅಂತ ಬಟ್ಟೆಯಲ್ಲಿ ಸುತ್ತಿಕೊಂಡು ತರುವುದು. ನಾನು ತೆಗೊಂಡೆ. ಮಣ್ಣು ಅದು. ದುಬೈಯಲ್ಲಿ ಭಾವನ ಮನೆಯಲ್ಲಿ ಇತ್ತು. ಇಲ್ಲಿ ಒಬ್ಬ ಬೇಕು ಅಂದ. ಇಷ್ಟೇ."

"ಮತ್ತೆ ನಾಗನ ಹೆಸರು ಯಾಕೆ ಅಣ್ಣ?"

ಅವರು ಲೋಟವನ್ನು ಕೆಳಗಿಟ್ಟರು. "ನೀನು ಫೋಟೋ ಕೇಳ್ತಿ ಅಂತ ನನಗೆ ಗೊತ್ತಿತ್ತು," ಎಂದರು.

ಅವರು ಕಸ್ಟಮ್ಸ್‌ಗೆ ಕಟ್ಟಿದ ಕತೆಯಲ್ಲ ಅದು. ನನಗೆಂದೇ, ನನ್ನ ಅಳತೆಗೆ ಹೊಲಿಸಿದ್ದು. ಆದರೂ ಕೋಪ ಮಾಡಲಿಲ್ಲ. ಹದಿನಾಲ್ಕು ದಿನದ ಗಂಜಿ ನೆನಪಿತ್ತು. "ಲೈಸೆನ್ಸ್ ಹೋದರೆ ನಾನು ಮುಗಿದೆ ಅಣ್ಣ," ಎಂದೆ. "ನೀವು ಬಂದು ಸತ್ಯ ಹೇಳಬೇಕು. ನಿಮ್ಮನ್ನು ಜೈಲಿಗೆ ಹಾಕುವುದಿಲ್ಲ. ಸಾಮಾನು ಬಿಟ್ಟುಕೊಟ್ಟರೆ ದಂಡದಲ್ಲಿ ಮುಗಿಯುತ್ತದೆ ಅಂತ ಓರ್ಟೀಸ್ ಹೇಳಿದ್ದಾನೆ."

"ಹೇಳ್ತೇನೆ. ಹೇಳದೆ ಎಂತ ಮಾಡುವುದು? ನೀನು ನನ್ನ ತಮ್ಮ ಅಲ್ವಾ?" ಅವರು ಎದ್ದರು. ಗೋಡೆಯ ಕಪಾಟಿನಲ್ಲಿ ದೇವರನ್ನು ಇಟ್ಟಿದ್ದರು, ದೀಪ ಉರಿಯುತ್ತಿತ್ತು. ನನ್ನನ್ನು ಕರೆದು ನಿಲ್ಲಿಸಿಕೊಂಡು, ದೀಪದ ಕಂಬ ಮುಟ್ಟಿ, "ನಾಗನ ಆಣೆ, ನಿನ್ನ ಮೇಲೆ ಮಾತು ಬಾರದ ಹಾಗೆ ಹೇಳ್ತೇನೆ," ಎಂದರು.

ಜೇಬಿನಲ್ಲಿ ಅಶ್ವಿತಾ ಟೈಪ್ ಮಾಡಿದ ಕಾಗದ ಇತ್ತು. ಹೊರಗೆ ತೆಗೆಯಲಿಲ್ಲ. ದೇವರ ದೀಪ ಮುಟ್ಟಿದ ಹಿರಿಯನ ಎದುರು ಪೆನ್ನು ನೀಡುವುದು ಹೇಗೆ? ಹಾಗೆ ಮಾಡಿದರೆ ಆಣೆಯನ್ನು ನಂಬಲಿಲ್ಲವೆಂದು ಆಗುತ್ತದೆ. ಅಡ್ಡಬಿದ್ದು ಬಂದೆ.

ಹನ್ನೊಂದನೆಯ ದಿನ ಅವರ ವಕೀಲರಿಂದ ನನಗೊಂದು ನಕಲು ಬಂತು. ಅದೂ ಪ್ರಮಾಣ ಮಾಡಿಯೇ ಬರೆದದ್ದು, ನೋಟರಿಯ ಎದುರು. ತಾನು ವಯಸ್ಸಾದವನು, ಇಲ್ಲಿನ ಕಾನೂನು ತಿಳಿಯದವನು. ಅಲಂಕಾರದ ಮಣ್ಣಿನ ವಸ್ತುಗಳೆಂದು ತಿಳಿದು ತರಿಸಿದ್ದು. ಪೂಜೆಯ ವಿಗ್ರಹ, ತೆರೆಯಬಾರದು ಎಂದು ಬರೆದರೆ ಬೇಗ ಬಿಡುಗಡೆಯಾಗುತ್ತದೆ ಎಂದು ಸಲಹೆ ಕೊಟ್ಟವನು ಅನುಭವಸ್ಥ ಬ್ರೋಕರ್ ಮೋನಪ್ಪ.

ಮೂರು ಸಲ ಓದಿದೆ. ವನಜಾಕ್ಷಿ ಕೈಯಿಂದ ತೆಗೆದುಕೊಂಡು ಓದಿದಳು. ಅವಳು ಬೈಯುತ್ತಾಳೆಂದು ಕಾಯುತ್ತಿದ್ದೆ. ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು.

"ಒಂದು ಕೇಳ್ತೇನೆ," ಎಂದಳು. "ನೋಡಬಾರದು ಅಂತ ಅವರು ಹೇಳಿದ್ದು ನಿಜ ಅಂತ ನೀವು ನಂಬಿದ್ರಾ?"

"ನಾಗನ ಕಲ್ಲು. ಪೂಜೆ ಆಗಿತ್ತು."

"ಪ್ರತಿಷ್ಠೆ ಆಗುವ ತನಕ ಕಲ್ಲು ಕಲ್ಲೇ. ನಮ್ಮ ತವರಿನ ನಾಗಬನಕ್ಕೆ ಹೊಸ ಕಲ್ಲು ತಂದಾಗ ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಹಾಕಿ ತಂದರು. ಮಕ್ಕಳೆಲ್ಲ ಮುಟ್ಟಿ ನೋಡಿದ್ದೇವೆ. ಹೆಡೆ ಎಣಿಸಿದ್ದೇವೆ. ಯಾರೂ ಬೈಯಲಿಲ್ಲ. ಬನದಲ್ಲಿ ಕೂರಿಸಿದ ಮೇಲೆಯೇ ದೂರ ನಿಂತದ್ದು."

ನಾನು ಅವಳ ಕೈಯಿಂದ ಆ ಕಾಗದ ತೆಗೆದುಕೊಂಡು ಮಡಚಿದೆ.

"ಅವತ್ತು ಕೇಳಿದ್ರೆ ಹೇಳ್ತಿದ್ದೆ," ಎಂದಳು. ಅಷ್ಟೇ ಹೇಳಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅಷ್ಟು ಕಡಿಮೆ ಮಾತಿನಲ್ಲಿ ಅವಳು ನನ್ನನ್ನು ಎಂದೂ ಅಷ್ಟು ನೋಯಿಸಿರಲಿಲ್ಲ. ತಪ್ಪು ನನ್ನದಾದ್ದರಿಂದ ನೋವಿಗೆ ಮದ್ದೂ ಇರಲಿಲ್ಲ.

ಅಷ್ಟರಲ್ಲಿ ಮೊದಲ ಎರಡು ಪೆಟ್ಟಿಗೆಗಳ ಬಿಡುಗಡೆಗೆ ಒಪ್ಪಿಗೆ ಬಂತು. ಪ್ರತಿಷ್ಠೆ ಆ ಭಾನುವಾರ, ನನ್ನ ವಿಚಾರಣೆ ಅದಕ್ಕೆ ಮೊದಲಿನ ಗುರುವಾರ. ಕಮಿಟಿಯ ಕಾರ್ಯದರ್ಶಿ ಜಯಂತ ಫೋನ್ ಮಾಡಿದ. ಬೆಂಗಳೂರಿನ ಹುಡುಗ, ಟೆಲಿಕಾಂ ಕಂಪನಿಯಲ್ಲಿ ಇಂಜಿನಿಯರು, ಒಳ್ಳೆಯವನೇ. "ಅಂಕಲ್, ಕಲ್ಲು ರಿಲೀಸ್ ಮಾಡಿಸಿಕೊಡ್ತೀರಾ? ಬೇರೆ ಬ್ರೋಕರ್ ಹುಡುಕೋಕೆ ಟೈಮಿಲ್ಲ."

"ಮಾಡಿಸ್ತೇನೆ," ಎಂದೆ. "ಆದರೆ ನೀನು ಬರಬೇಕು, ಶಿವರಾಮಣ್ಣನೂ ಬರಬೇಕು. ಇಬ್ಬರೂ ಇಲ್ಲದೆ ನಾನು ಆ ಪೆಟ್ಟಿಗೆಗಳ ಹತ್ತಿರ ಹೋಗುವುದಿಲ್ಲ."

ಮಂಗಳವಾರ ಮಧ್ಯಾಹ್ನ ಇಬ್ಬರೂ ಬಂದರು. ಶಿವರಾಮಣ್ಣ ನನ್ನ ಭುಜ ತಟ್ಟಿ, "ಸಣ್ಣಗಾಗಿದ್ದಿ ಮಾರಾಯ," ಎಂದರು, ಏನೂ ಆಗಿಲ್ಲವೆಂಬಂತೆ. ಓರ್ಟೀಸ್ ಮುಚ್ಚಳ ಕೀಳುವ ಸರಳು ಹಿಡಿದು ನಿಂತಿದ್ದ. ತೆರೆದು, ಕಲ್ಲನ್ನು ಕಣ್ಣಾರೆ ನೋಡಿ, ಪಟ್ಟಿಯ ಜೊತೆ ತಾಳೆ ಮಾಡಿ ಮೂವರೂ ಸಹಿ ಹಾಕಿದರೆ ಮಾತ್ರ ಕೊಡುವುದು ಎಂದು ಅವನು ಹೇಳಿದ. ಅದು ಅವನದೇ ಷರತ್ತು. ನಾನು ಹೇಳಿಕೊಟ್ಟದ್ದಲ್ಲ. ಆದರೆ ಹಾಗೇ ಹೇಳುತ್ತಾನೆಂದು ನನಗೆ ಗೊತ್ತಿತ್ತು.

"ಅಣ್ಣ," ಎಂದೆ, "ಪೂಜೆ ಮಾಡಿ ಕಟ್ಟಿದ್ದು. ಪ್ರತಿಷ್ಠೆಯ ತನಕ ಯಾರೂ ನೋಡಬಾರದು ಅಂತ ನೀವೇ ನನಗೆ ಹೇಳಿದ್ದು. ತೆರೆಯಬಹುದಾ, ಬಾರದಾ? ನೀವು ಹೇಳಿದ ಹಾಗೆ ಮಾಡುವ."

ಅವರು ನನ್ನ ಮುಖ ನೋಡಿದರು. ಜಯಂತನ ಮುಖ ನೋಡಿದರು. ಬಾರದು ಎಂದರೆ ಕಲ್ಲು ಸಿಗುವುದಿಲ್ಲ, ಭಾನುವಾರದ ಇನ್ನೂರು ಮನೆಯ ಜನರೆದುರು ಬರಿಗೈ. ಆಗಬಹುದು ಎಂದರೆ ನನಗೆ ಹೇಳಿದ್ದು ಸುಳ್ಳಾಗುತ್ತದೆ. ನನಗೆ ಸಂತೋಷ ಆಗಲಿಲ್ಲ. ಒಂದು ಕಾಲದಲ್ಲಿ ಅವರೇ ನನಗೆ ಕೂಡುವ ಕಳೆಯುವ ಲೆಕ್ಕ ಹೇಳಿಕೊಟ್ಟವರು.

"ತೆರೀಲಿ," ಎಂದರು. "ಕೂರಿಸುವ ತನಕ ಕಲ್ಲೇ ಅಲ್ವಾ ಅದು."

ಜಯಂತ ತಲೆ ಎತ್ತಿದ. "ನೋಡ್ಲೇಬಾರದು ಅಂತ ನೀವು ಕಮಿಟಿ ಮೀಟಿಂಗಲ್ಲೂ ಹೇಳಿದ್ರಲ್ಲ ಅಂಕಲ್?"

"ಅದು ಆಗ. ಈಗ ತೆರೀಲಿ ಮಾರಾಯ, ಹೊತ್ತಾಯ್ತು."

ಓರ್ಟೀಸ್ ಸರಳು ತೂರಿಸಿದ. ಕೆಂಪು ಬಟ್ಟೆ ಬಿಚ್ಚಿದೆವು. ಒಂದರಲ್ಲಿ ನಾಗಕನ್ನಿಕೆ, ಇನ್ನೊಂದರಲ್ಲಿ ಐದು ಹೆಡೆಯ ನಾಗ, ಕಾರ್ಕಳದ ಕಪ್ಪು ಕಲ್ಲು, ಚಂದದ ಕೆಲಸ. ಹಿಂಭಾಗದಲ್ಲಿ ಉಳಿಯ ಗುರುತು, ಸೀಮೆಸುಣ್ಣದಲ್ಲಿ ಬರೆದ ಅಂಕಿ ಅಳಿಸದೆ ಹಾಗೇ ಇತ್ತು. ನಾನು ಅಳತೆ ತೆಗೆದೆ, ತೂಕ ಬರೆದೆ, ಬಾಲದ ತುದಿಯಲ್ಲಿ ಚೂರು ಒಡೆದದ್ದನ್ನೂ ಬರೆದೆ. ಮೂವರೂ ಸಹಿ ಹಾಕಿದೆವು.

ಶಿವರಾಮಣ್ಣ ವ್ಯಾನಿನ ಹತ್ತಿರ ಹೋದ ಮೇಲೆ ಜಯಂತನನ್ನು ನಿಲ್ಲಿಸಿದೆ. "ಈಗ ನೀನು ಕೇಳಿದೆಯಲ್ಲ," ಎಂದೆ. "ಅವರು ನನಗೆ ತೆರೆಯಬಾರದು ಅಂದಿದ್ದರು, ಅದು ಅವರದೇ ಮಾತು, ಅಷ್ಟನ್ನು ಒಂದು ಕಾಗದದಲ್ಲಿ ಬರೆದುಕೊಡು. ಗುರುವಾರ ನನ್ನ ಕೈಯಲ್ಲಿ ಬೇರೆ ಏನೂ ಇಲ್ಲ."

ಅವನು ಕಾರಿನ ಕೀಲಿಯನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿಕೊಂಡ.

"ಅಂಕಲ್, ಇಂಪೋರ್ಟರ್ ಜಾಗದಲ್ಲಿ ಕಮಿಟಿ ಹೆಸರಿದೆ. ನಾನು ಬರೆದುಕೊಟ್ರೆ ಕಮಿಟಿನೂ ಎಳೀತಾರೆ. ನಂದು ಗ್ರೀನ್ ಕಾರ್ಡ್ ಫೈಲ್ ನಡೀತಿದೆ. ನನ್ನ ಹೆಂಡ್ತಿ ಶೋಭಾಗೆ ಈಗ ಏಳನೇ ತಿಂಗಳು."

"ನಿನ್ನನ್ನು ಯಾರೂ ಏನೂ ಮಾಡುವುದಿಲ್ಲ. ಕೇಳಿದ್ದನ್ನು ಬರೆಯುವುದು ಅಪರಾಧ ಅಲ್ಲ."

"ಗೊತ್ತು ಅಂಕಲ್." ನೆಲ ನೋಡುತ್ತ ಹೇಳಿದ: "ಬೇಜಾರು ಮಾಡ್ಕೋಬೇಡಿ. ಅವರು ಏನೇ ಹೇಳಿರಲಿ, ನೀವು ನೋಡದೆ ಸೈನ್ ಮಾಡಿದ್ದು ನಿಜ ತಾನೆ?"

ಅವನಿಗೆ ನಮಸ್ಕಾರ ಹೇಳಿ, ಕಲ್ಲು ಅಲುಗದ ಹಾಗೆ ಹಗ್ಗ ಬಿಗಿದಿದೆಯೇ ಎಂದು ನೋಡಿ, ವ್ಯಾನನ್ನು ಕಳಿಸಿಕೊಟ್ಟೆ.

ಗುರುವಾರ ವನಜಾಕ್ಷಿಯೂ ಬಂದಳು, ಹೊರಗಿನ ಬೆಂಚಿನಲ್ಲಿ ಕೂತಳು. ಒಳಗೆ ಮೂವರು ಅಧಿಕಾರಿಗಳು, ನಾನು, ನನ್ನ ವಕೀಲ. ಗಿರಾಕಿ ಕೊಟ್ಟ ಮಾಹಿತಿಯನ್ನು ನಂಬಿದೆ, ಅಷ್ಟು ಮಾತ್ರ ಹೇಳಿ ಎಂದು ವಕೀಲ ಹೇಳಿಕೊಟ್ಟಿದ್ದ. ಅದು ಸುಳ್ಳೂ ಅಲ್ಲ. ಶಿವರಾಮಣ್ಣನ ಪ್ರಮಾಣಪತ್ರ ಮೇಜಿನ ಮೇಲೆ ಇತ್ತು. ಅದು ಸುಳ್ಳೆಂದು ನಾನು ಹೇಳಿದೆ. ತೋರಿಸಲು ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ, ಎಲ್ಲ ಬಾಯಿಮಾತು ಎಂದೆ.

"ಫೋಟೋ ಇಲ್ಲದೆ ನೀವು ಸಹಿ ಹಾಕುವುದಿಲ್ಲವೆಂದು ಕೇಳಿದ್ದೇವೆ. ಇಲ್ಲಿ ಯಾಕೆ ಹಾಕಿದಿರಿ?" ಎಂದರು ನಡುವೆ ಕೂತಿದ್ದವರು.

ವಕೀಲ ಮೇಜಿನ ಕೆಳಗೆ ನನ್ನ ಕಾಲು ಒತ್ತಿದ. ನಾನು ಆ ಕುಂಟು ಕುರಿಯ ರಸೀದಿಯನ್ನು ಕೈಯಲ್ಲಿ ಹಿಡಿದಿದ್ದವನು. ಆಮೇಲೆ ಹಾಗೆ ಹೀಗೆ ಎಂದು ಸುತ್ತಿ ಹೇಳಲು ನಾಲಿಗೆ ಬರಲಿಲ್ಲ.

"ನೋಡಲಿಲ್ಲ," ಎಂದೆ. "ನೋಡಬೇಕು ಅನಿಸಿತ್ತು. ತೂಕ ತಪ್ಪಾಗಿದೆ ಅಂತಲೂ ಅನಿಸಿತ್ತು. ಹೇಳಿದವರ ಮೇಲಿನ ಮರ್ಯಾದೆಗೆ ಸುಮ್ಮನಾದೆ. ಸಹಿ ನನ್ನದೇ."

ಒಪ್ಪಿಕೊಂಡದ್ದರಿಂದ ಬೇಗ ಮುಗಿಯಿತು. ಪೂರ್ತಿ ಕಿತ್ತುಕೊಳ್ಳಲಿಲ್ಲ. ಮೂರು ವರ್ಷ ಅಮಾನತು. ಐವತ್ತರ ಮನುಷ್ಯನ ಒಂದೇ ಕ್ಲರ್ಕಿನ ಆಫೀಸು ಮೂರು ವರ್ಷ ಮುಚ್ಚಿದರೆ ಗಿರಾಕಿಗಳು ಮತ್ತೆ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಮಣ್ಣಿನ ಬಿಲ್ಲೆಗಳು ಸರಕಾರದ ವಶಕ್ಕೆ ಹೋದವು. ತಾನಾಗಿ ಬಿಟ್ಟುಕೊಟ್ಟ, ತಿಳುವಳಿಕೆಯಿಲ್ಲದ ವೃದ್ಧ ಎಂದು ಶಿವರಾಮಣ್ಣನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ನನಗೆ ಸಿಗಬೇಕಾಗಿದ್ದ ಎಚ್ಚರಿಕೆ ಅದು. ಹೊರಗೆ ಬಂದಾಗ ವನಜಾಕ್ಷಿ ಮುಖ ನೋಡಿಯೇ ತಿಳಿದುಕೊಂಡಳು. "ಊಟ ಮಾಡುವ, ಬನ್ನಿ," ಎಂದಳು.

ಶುಕ್ರವಾರ ಬೆಳಿಗ್ಗೆ ಆಫೀಸಿನ ಫೈಲುಗಳನ್ನು ಡಬ್ಬಕ್ಕೆ ತುಂಬುತ್ತಿದ್ದಾಗ ಫೋನ್ ಬಂತು.

"ಮೋನಪ್ಪ, ಕೇಳಿದೆ ಮಾರಾಯ. ಮೂರು ವರ್ಷ ಅಂದ್ರೆ ಎಂತ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಗ್ತದೆ," ಎಂದರು ಶಿವರಾಮಣ್ಣ. ದನಿಯಲ್ಲಿ ನಿಜವಾದ ಕನಿಕರ ಇತ್ತು. ಅದು ನಟನೆಯಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ನಿಶಾಳ ಗಂಡನ ಕೆಲಸಕ್ಕೆ ತೊಂದರೆ ಬರ್ತದೆ ಅಂತ ವಕೀಲ ಹೆದರಿಸಿದ. ನಾನು ಎಂತ ಮಾಡ್ಲಿ? ನಿನಗೆ ಹೇಗೂ ಅನುಭವ ಉಂಟು, ನೀನು ಎದ್ದು ನಿಲ್ತಿ ಅಂತ ಧೈರ್ಯ ಇತ್ತು."

ನಾನು ಇನ್ನೊಂದು ಫೈಲನ್ನು ಡಬ್ಬಕ್ಕೆ ಇಳಿಸಿದೆ.

"ಅದೆಲ್ಲ ಇರಲಿ. ಭಾನುವಾರ ವನಜಾಕ್ಷಿಯನ್ನು ಕರ್ಕೊಂಡು ಬೇಗ ಬಾ. ಕಲಶ ಹಿಡಿಯುವವರಲ್ಲಿ ನಿನ್ನ ಹೆಸರು ಹಾಕಿಸಿದ್ದೇನೆ. ನೀನು ನನ್ನ ಪಕ್ಕ ನಿಂತರೆ ಜನರ ಬಾಯಿ ತನ್ನಿಂದ ತಾನೇ ಮುಚ್ತದೆ."

ಹೀಗೆ ಅವರಿಗೆ ನನ್ನ ಸಹಿ ಇನ್ನೊಮ್ಮೆ ಬೇಕಾಗಿತ್ತು. ಈ ಸಲ ಕಾಗದದ ಮೇಲಲ್ಲ, ಇನ್ನೂರು ಮನೆಯ ಜನರ ಎದುರು.

"ವನಜಾಕ್ಷಿ ಬರ್ತಾಳೆ," ಎಂದೆ. "ಅವಳಿಗೆ ನಾಗನ ಮೇಲೆ ಭಕ್ತಿ ಉಂಟು. ಕಾರು ನಿಲ್ಲಿಸುವಲ್ಲಿ ಇಳಿಸಿ ನಾನು ಹೊರಗೇ ಇರ್ತೇನೆ."

"ಹೊರಗೆ ಯಾಕೆ ಮಾರಾಯ? ನಿನಗೆ ನನ್ನ ಮೇಲೆ ಕೋಪವಾ?"

ಕೋಪವೇ ಎಂದು ನಾನೂ ಯೋಚಿಸಿದೆ. ಬೊಂಬಾಯಿಯ ಖೋಲಿಯಲ್ಲಿ ಚಾಪೆಯ ಮೇಲೆ ಕೂರಿಸಿ ಚಮಚದಲ್ಲಿ ಗಂಜಿ ಕುಡಿಸಿದ ಕೈಯೂ ಇದೇ ಆಗಿತ್ತು. ಅದನ್ನು ಸುಳ್ಳೆಂದು ಹೇಳಲು ನನಗೆ ಆಗುವುದಿಲ್ಲ. ಎರಡನ್ನೂ ಒಂದೇ ಮನುಷ್ಯ ಮಾಡಿದ್ದ. ಆ ಒಂದನ್ನು ನೆನೆದು ಈ ಇನ್ನೊಂದರ ಪಕ್ಕ ನಿಲ್ಲಲು ನನ್ನಿಂದ ಸಾಧ್ಯವಿರಲಿಲ್ಲ.

"ಇಲ್ಲ ಶಿವರಾಮರೇ," ಎಂದೆ.

ಮೂವತ್ತಮೂರು ವರ್ಷದಲ್ಲಿ ಅಣ್ಣ ಎನ್ನದೆ ಅವರನ್ನು ಕರೆದದ್ದು ಅದೇ ಮೊದಲು. ಆ ಕಡೆಯಿಂದ ಅವರೇ ಫೋನ್ ಇಟ್ಟರು.